ಮೊದಲ ಮೆಟಲ್ ಡಿಟೆಕ್ಟರ್: ಯಾವುದು ಕೊಳ್ಳಲಿ, ಎಲ್ಲಿ ಆಡಿಸಲಿ?

ಹವ್ಯಾಸಕ್ಕೆ ಮೆಟಲ್ ಡಿಟೆಕ್ಟರ್ ಕೊಳ್ಳುವ ಬಗ್ಗೆ ಪತ್ರಗಳು ಬರುತ್ತಲೇ ಇವೆ, ಅದರಲ್ಲೂ ಹಾಸನ, ಚಿಕ್ಕಮಗಳೂರು ಕಡೆಯಿಂದ ಜಾಸ್ತಿ. ಈ ಸಲದ ಪುಟವನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಓದುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಎಂಡಿ-4030 ಅಂತ ಒಂದು ಮೆಷಿನ್ ಅಗ್ಗಕ್ಕೆ ಸಿಗುತ್ತದೆ. ಗ್ಯಾರೆಟ್, ನೋಕ್ಟಾ, ಮೈನ್‌ಲ್ಯಾಬ್ ಎಲ್ಲಾ ಅದರ ಹಲವು ಪಟ್ಟು ಬೆಲೆ. ಶುರು ಮಾಡುವವನಿಗೆ ಅಷ್ಟು ಬೇಕಾ? — ಹಾಸನ

ಉತ್ತರ: ಮೆಷಿನ್ ಏನು ಮಾಡುತ್ತದೆ ಅನ್ನುವುದು ಗೊತ್ತಾದರೆ ಬೆಲೆಯ ಪ್ರಶ್ನೆ ಅರ್ಧ ಮುಗಿಯುತ್ತದೆ. ಕೋಲಿನ ತುದಿಯಲ್ಲಿ ಇರುವ ಅಗಲದ ಭಾಗಕ್ಕೆ ಕಾಯಿಲ್ ಅನ್ನುತ್ತಾರೆ. ಅದರೊಳಗೆ ತಾಮ್ರದ ತಂತಿಯ ಎರಡು ಸುರುಳಿ ಇರುತ್ತವೆ. ಒಂದು ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ, ಅದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಿರುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ಕರೆಂಟ್ ಸುತ್ತಲು ಶುರುವಾಗುತ್ತದೆ, ಆ ಕರೆಂಟಿನಿಂದ ಇನ್ನೊಂದು ಸಣ್ಣ ಕಾಂತಕ್ಷೇತ್ರ ಹುಟ್ಟುತ್ತದೆ, ಎರಡನೇ ಸುರುಳಿ ಅದನ್ನು ಹಿಡಿಯುತ್ತದೆ. ಆ ಸಿಗ್ನಲ್ ಎಷ್ಟು ತಡವಾಗಿ ಬಂತು ಅನ್ನುವುದನ್ನು ಲೆಕ್ಕ ಹಾಕಿ ಮೆಷಿನ್ ಒಂದು ನಂಬರ್ ತೋರಿಸುತ್ತದೆ. ಸಾಮಾನ್ಯವಾಗಿ ಕಬ್ಬಿಣಕ್ಕೆ ಕಡಿಮೆ ನಂಬರ್, ಅಲ್ಯೂಮಿನಿಯಂ ಫಾಯಿಲ್‌ಗೂ ಸಣ್ಣ ಚಿನ್ನಕ್ಕೂ ಮಧ್ಯದ್ದು, ತಾಮ್ರ, ಬೆಳ್ಳಿಗೆ ಮೇಲಿನದು. ಅಷ್ಟೇ. ಯಾವ ಮೆಷಿನ್ ಕೂಡ "ಇದು ಚಿನ್ನ" ಅಂತ ಹೇಳುವುದಿಲ್ಲ. ಮಾತ್ರೆಯ ಸ್ಟ್ರಿಪ್‌ಗೂ ತೆಳು ಉಂಗುರಕ್ಕೂ ಒಂದೇ ನಂಬರ್ ಬರಬಹುದು.

ನಮ್ಮ ಕಡೆಯ ನೆಲಕ್ಕೆ ತಗೊಳ್ಳುವಾಗ ನಾನು ಮೊದಲು ಕೇಳುವುದು ಒಂದೇ: ಗ್ರೌಂಡ್ ಬ್ಯಾಲೆನ್ಸ್ ಇದೆಯಾ? ಅಂದರೆ ಮಣ್ಣಿನಲ್ಲೇ ಇರುವ ಕಬ್ಬಿಣದ ಅಂಶವನ್ನು ಲೆಕ್ಕದಿಂದ ತೆಗೆದುಹಾಕುವ ವ್ಯವಸ್ಥೆ. ಅಗ್ಗದ ಮೆಷಿನ್‌ಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲೇ ದುಡ್ಡು ದಂಡವಾಗುವುದು. ಎರಡನೆಯದು ಕಾಯಿಲ್. ಡಬಲ್-ಡಿ (ಒಳಗಿನ ಎರಡು ಸುರುಳಿಯೂ ಇಂಗ್ಲಿಷಿನ ಡಿ ಅಕ್ಷರದ ಆಕಾರದ್ದು) ಅಂತ ಬರೆದಿದ್ದರೆ ಒಳ್ಳೆಯದು, ಕೆಂಪು ಮಣ್ಣಿನಲ್ಲಿ ಅದು ಹೆಚ್ಚು ಸಮಾಧಾನವಾಗಿ ಕೆಲಸ ಮಾಡುತ್ತದೆ.

ಇನ್ನು ಬ್ರ್ಯಾಂಡ್. ಅಮೆರಿಕದ ಗ್ಯಾರೆಟ್‌ನ ಏಸ್ 300 ಎಂಟು ಕಿಲೋಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ, ಅಂದರೆ ಕಾಂತಕ್ಷೇತ್ರ ಸೆಕೆಂಡಿಗೆ ಎಂಟು ಸಾವಿರ ಆವರ್ತದ ಲೆಕ್ಕದಲ್ಲಿ ಓಡುತ್ತದೆ, ಹಗುರ, ಕಲಿಯೋದು ಸುಲಭ, ಆದರೆ ಗ್ರೌಂಡ್ ಬ್ಯಾಲೆನ್ಸ್ ಕಂಪನಿಯಲ್ಲೇ ಹೊಂದಿಸಿ ಕಳಿಸಿರುತ್ತಾರೆ, ನೀವು ಬದಲಿಸುವ ಹಾಗಿಲ್ಲ. ಟರ್ಕಿಯ ನೋಕ್ಟಾದ ಸಿಂಪ್ಲೆಕ್ಸ್ ಪ್ಲಸ್ 12 ಕಿಲೋಹರ್ಟ್ಸ್. ಕಾಯಿಲನ್ನು ನೆಲದ ಮೇಲೆ ಎತ್ತಿ ಇಳಿಸಿ ಗ್ರೌಂಡ್ ಬ್ಯಾಲೆನ್ಸ್ ಮಾಡಬಹುದು, ಮೂರು ಮೀಟರ್ ನೀರಿನವರೆಗೂ ಇಡೀ ಮೆಷಿನ್ ಮುಳುಗಿಸಬಹುದು. ಆಸ್ಟ್ರೇಲಿಯಾದ ಮೈನ್‌ಲ್ಯಾಬ್‌ನ ವ್ಯಾಂಕ್ವಿಶ್ 340 ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ ಕಳಿಸುತ್ತದೆ, ನೆಲಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಮಲೆನಾಡಿಗೆ ಅಂತ ಕೇಳಿದರೆ ನಾನು ಸಿಂಪ್ಲೆಕ್ಸ್ ಅಥವಾ ವ್ಯಾಂಕ್ವಿಶ್ ಕಡೆಗೇ ವಾಲುತ್ತೇನೆ.

ನಿಮ್ಮ ಹತ್ತಿರ ಈಗ ಅಷ್ಟು ದುಡ್ಡಿಲ್ಲ ಅಂದರೆ ಅವಸರದಲ್ಲಿ ಅಗ್ಗದ್ದು ಕೊಳ್ಳಬೇಡಿ, ಸ್ವಲ್ಪ ಕಾಯಿರಿ. ಇಲ್ಲವೇ ಒಳ್ಳೆಯ ಕಂಪನಿಯ ಸೆಕೆಂಡ್ ಹ್ಯಾಂಡ್ ಮೆಷಿನ್ ಹುಡುಕಿ. ತಗೊಳ್ಳುವ ಮುಂಚೆ ಕಾಯಿಲ್ ವೈರ್ ಸೇರುವ ಜಾಗ ಅಲುಗಾಡಿಸಿ ನೋಡಿ. ಅಲ್ಲಿ ಮುಟ್ಟಿದಾಗೆಲ್ಲಾ ಸದ್ದು ಬಂದರೆ ಬಿಟ್ಟುಬಿಡಿ. ಮುಖ್ಯ ಮೆಷಿನ್ ಜೊತೆಗೆ ಪಿನ್‌ಪಾಯಿಂಟರ್ ಅನ್ನುವ ಕೈಯಲ್ಲಿ ಹಿಡಿಯುವ ಸಣ್ಣ ಕಡ್ಡಿಗೂ ದುಡ್ಡು ಎತ್ತಿಡಿ. ಗುಂಡಿ ತೋಡಿದ ಮೇಲೆ ಮಣ್ಣಿನ ಹೆಂಟೆಯೊಳಗೆ ಇರುವ ಸಣ್ಣ ವಸ್ತು ಕಣ್ಣಿಗೆ ಬೀಳುವುದೇ ಇಲ್ಲ, ಅದನ್ನು ಹುಡುಕಿಕೊಡುವುದು ಈ ಕಡ್ಡಿ.

ಪ್ರಶ್ನೆ: ಹೊಸ ಮೆಷಿನ್ ಬಂತು. ಹಾಲ್‌ನಲ್ಲಿ ಆನ್ ಮಾಡಿದರೆ ಎಲ್ಲೆಲ್ಲೂ ಕೂಗುತ್ತದೆ. ವಾಪಸ್ ಕಳಿಸಲಾ? — ತರೀಕೆರೆ

ಉತ್ತರ: ಬೇಡ. ಹೊರಗೆ ತಗೊಂಡು ಹೋಗಿ. ಮನೆಯ ನೆಲದಲ್ಲಿ ಕಂಬಿ ಇರುತ್ತದೆ, ಗೋಡೆಯಲ್ಲಿ ವೈರಿಂಗ್, ಪಕ್ಕದಲ್ಲಿ ಟಿವಿ, ಯುಪಿಎಸ್, ವೈಫೈ. ಇದು ಹೊಸ ತೊಂದರೆಯಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ, ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮೈಯೊಳಗಿನ ಗುಂಡು ಹುಡುಕಲು ಇಂಥದ್ದೇ ಒಂದು ಯಂತ್ರ ಮಾಡಿ ತಂದಿದ್ದರು. ಗುಂಡು ಸಿಗಲಿಲ್ಲ. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗ್‌ಗಳೂ ಅವರ ಯಂತ್ರವನ್ನು ದಾರಿ ತಪ್ಪಿಸಿದ್ದವು. ಕರೆಂಟ್ ಲೈನಿನಿಂದ ದೂರದ ಖಾಲಿ ಜಾಗದಲ್ಲಿ, ಜೇಬಿನ ಫೋನು, ಬೀಗದ ಕೈ ತೆಗೆದಿಟ್ಟು, ಸೆನ್ಸಿಟಿವಿಟಿ (ಎಷ್ಟು ಸಣ್ಣ ಸಿಗ್ನಲ್‌ಗೂ ಮೆಷಿನ್ ಕೂಗಬೇಕು ಅನ್ನುವ ಸೆಟ್ಟಿಂಗ್) ಅರ್ಧಕ್ಕೆ ಇಳಿಸಿ ನೋಡಿ. ಅಲ್ಲೂ ಸುಮ್ಮನಾಗದಿದ್ದರೆ ಆಮೇಲೆ ಅಂಗಡಿಯವರ ಜೊತೆ ಮಾತಾಡಿ.

ಪ್ರಶ್ನೆ: ನಮ್ಮ ತೋಟದಲ್ಲಿ ಒಂದು ಹೆಜ್ಜೆ ಇಟ್ಟರೆ ಹತ್ತು ಸಲ ಸದ್ದು. ಅಗೆದರೆ ಬರೀ ಕಲ್ಲು. ನಮ್ಮ ನೆಲದಲ್ಲಿ ಈ ಹವ್ಯಾಸ ಆಗುವುದೇ ಇಲ್ಲವಾ? — ಕಳಸ

ಉತ್ತರ: ಆಗುತ್ತದೆ, ಆದರೆ ನೀವು ಇರುವ ಜಾಗವೇ ಅಂಥದ್ದು. ನಿಮ್ಮ ಪಕ್ಕದ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅದಿರು ತೆಗೆದರು, ಅದು ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು. ಬಾಬಾಬುಡನ್‌ಗಿರಿ ಸಾಲಿನಲ್ಲೂ ಕಬ್ಬಿಣದ ಪದರಗಳಿವೆ, ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತು. ಅಂಥ ಬೆಟ್ಟದ ಬುಡದ ಮಣ್ಣಿನಲ್ಲಿ ಮೆಷಿನ್ ಕೂಗುವುದು ಸಹಜ.

ಒಂದು ಸುಲಭದ ಪರೀಕ್ಷೆ ಮಾಡಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಣಗಿದ ಮಣ್ಣಿನ ಮೇಲೆ ಎಳೆಯಿರಿ. ಕವರಿನ ತಳಕ್ಕೆ ಕಪ್ಪು ಪುಡಿ ಗಡ್ಡದ ಹಾಗೆ ನಿಂತರೆ ನಿಮ್ಮ ಮಣ್ಣು ಜೋರಿನದು. ಸ್ವಲ್ಪವೇ ಅಂಟಿದರೆ ತೊಂದರೆ ಬೇರೆ ಕಡೆ ಇದೆ. ಜೋರಿನ ಮಣ್ಣಾದರೆ ಮೊದಲು ಸೆನ್ಸಿಟಿವಿಟಿ ಇಳಿಸಿ. ಹೊಸಬರು ಇದನ್ನು ಮಾಡುವುದಿಲ್ಲ, ಆಳ ಕಡಿಮೆಯಾಗುತ್ತದೆ ಅಂತ ಹೆದರುತ್ತಾರೆ. ಆದರೆ ಪೂರ್ತಿ ಏರಿಸಿಟ್ಟ ಮೆಷಿನ್ ಮಣ್ಣಿನ ಗಲಾಟೆಯನ್ನೇ ಕೇಳಿಸಿಕೊಳ್ಳುತ್ತಿರುತ್ತದೆ, ಅದರ ನಡುವೆ ನಾಣ್ಯದ ಸದ್ದು ಮುಚ್ಚಿಹೋಗುತ್ತದೆ. ಆಮೇಲೆ ಲೋಹ ಇಲ್ಲದ ಜಾಗ ನೋಡಿ ಗ್ರೌಂಡ್ ಬ್ಯಾಲೆನ್ಸ್ ಮಾಡಿ. ತೋಟದ ಮೇಲಿನ ಅಂಚಿನಿಂದ ಕೆಳಗಿನ ಗದ್ದೆಗೆ ಇಳಿದರೆ ಮತ್ತೆ ಮಾಡಿ, ಮಣ್ಣು ಬದಲಾಗಿರುತ್ತದೆ.

ಸದ್ದು ಸರಿಯಾಗಿ ಒಂದೊಂದು ಸೆಕೆಂಡಿಗೆ ಟಕ್ ಟಕ್ ಅಂತ ಬರುತ್ತಿದ್ದರೆ ಅದು ಮಣ್ಣಲ್ಲ, ಐಬೆಕ್ಸ್ ಬೇಲಿ, ಅಂದರೆ ಪ್ರಾಣಿ ತಡೆಯಲು ಹಾಕುವ ಕರೆಂಟ್ ಬೇಲಿ. ಆ ಬೇಲಿಯ ಕರೆಂಟ್ ಹಾಗೇ ಬಿಟ್ಟು ಬಿಟ್ಟು ಹೊಡೆಯುತ್ತದೆ. ಬೇಲಿಯಿಂದ ದೂರ ಸರಿಯಿರಿ. ನಿಮ್ಮದೇ ಬೇಲಿಯಾದರೆ ಹಗಲಲ್ಲಿ ಸ್ವಲ್ಪ ಹೊತ್ತು ಆಫ್ ಮಾಡಬಹುದು, ಆದರೆ ಮತ್ತೆ ಆನ್ ಮಾಡುವುದು ಮರೆಯಬೇಡಿ.

ಕಲ್ಲಿನ ವಿಷಯ. ಕಬ್ಬಿಣದ ಅಂಶದ ಕೆಂಪು ಕಲ್ಲು ಒಂದು ದಿಕ್ಕಿಗೆ ಆಡಿಸಿದಾಗ ಕೂಗಿ, ವಾಪಸ್ ಬರುವಾಗ ಸುಮ್ಮನಾಗುತ್ತದೆ, ಅಥವಾ ನಂಬರ್ ಹಾರಾಡುತ್ತದೆ. ನೀವು ತೊಂಬತ್ತು ಡಿಗ್ರಿ ತಿರುಗಿ ನಿಂತು ಮತ್ತೆ ಆಡಿಸಿ. ಎರಡೂ ಕಡೆಯಿಂದ ಅದೇ ಜಾಗದಲ್ಲಿ ಅದೇ ಸದ್ದು ಬಂದರೆ ಮಾತ್ರ ಅಗೆಯಿರಿ. ಇದೊಂದು ಅಭ್ಯಾಸ ಬಂದರೆ ಅರ್ಧ ಗುಂಡಿಗಳು ಉಳಿಯುತ್ತವೆ.

ಪ್ರಶ್ನೆ: ಅಣ್ಣಾ, ಕಾಫಿ ಕುಯ್ಯುವಾಗ ನನ್ನ ತಾಳಿ ಸರ ಕಿತ್ತು ಬಿದ್ದಿದೆ. ಗೊತ್ತಾಗಿದ್ದು ಸಂಜೆ ಮನೆಗೆ ಬಂದ ಮೇಲೆ, ಎಲ್ಲಿ ಬಿತ್ತು ಅಂತ ಗೊತ್ತಿಲ್ಲ. ಸಂಬಂಧಿಕರ ಹುಡುಗನ ಹತ್ತಿರ ಡಿಟೆಕ್ಟರ್ ಇದೆ. ಅದರಿಂದ ಸಿಗಬಹುದಾ? — ಮೂಡಿಗೆರೆ

ಉತ್ತರ: ಅಕ್ಕಾ, ಸಿಗುವ ಸಾಧ್ಯತೆ ಇದೆ, ಆದರೆ ಹೇಗೆ ಹುಡುಕುತ್ತೀರಿ ಅನ್ನುವುದರ ಮೇಲೆ. ಮೊದಲನೆಯದು, ಆ ಸಾಲುಗಳಲ್ಲಿ ಯಾರೂ ದರಗು ಗುಡಿಸಬಾರದು, ಕೋಲಿನಿಂದ ಕೆದಕಬಾರದು. ಸರ ಈಗ ಎಲೆಯ ಮೇಲೋ ಎಲೆಯ ಸಂದಿಯಲ್ಲೋ ಇದೆ, ಕೆದಕಿದರೆ ಇನ್ನೂ ಕೆಳಗೆ ಜಾರುತ್ತದೆ. ಅವತ್ತು ಯಾವ ಸಾಲಿನಿಂದ ಶುರು ಮಾಡಿದಿರಿ, ಎಲ್ಲಿ ಊಟಕ್ಕೆ ಕೂತಿರಿ, ಎಲ್ಲಿ ಚೀಲ ಹೊತ್ತಿರಿ, ಜೊತೆಗಿದ್ದವರನ್ನೂ ಕೂರಿಸಿಕೊಂಡು ಜ್ಞಾಪಿಸಿಕೊಳ್ಳಿ. ಸರ ಕಿತ್ತು ಬರುವುದು ಬಗ್ಗಿ ಎದ್ದಾಗ, ರೆಂಬೆ ಸಿಕ್ಕಿಕೊಂಡಾಗ, ಚೀಲ ಹೆಗಲಿಗೆ ಎತ್ತಿದಾಗ. ಆ ಜಾಗಗಳನ್ನು ಮೊದಲು ನೋಡಬೇಕು.

ಎರಡನೆಯದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ತೆಳುವಾದ ಸರವನ್ನು ಮೆಷಿನ್ ಚೆನ್ನಾಗಿ ಹಿಡಿಯುವುದಿಲ್ಲ. ಸರ ಎಷ್ಟೇ ಉದ್ದ ಇದ್ದರೂ ಒಂದೊಂದು ಕೊಂಡಿಯೂ ಅದಕ್ಕೆ ಬೇರೆ ಬೇರೆ ಚೂರಿನ ಹಾಗೇ ಕಾಣುತ್ತದೆ. ಕರಿಮಣಿಯಂತೂ ಗಾಜು, ಅದಕ್ಕೆ ಸದ್ದೇ ಇಲ್ಲ. ಮೆಷಿನ್‌ಗೆ ಕಾಣುವುದು ತಾಳಿಬೊಟ್ಟು, ಗುಂಡು ಮತ್ತು ಕೊಕ್ಕೆ. ಅದಕ್ಕೇ ಆ ಹುಡುಗನಿಗೆ ಹೀಗೆ ಹೇಳಿ: ಮನೆಯಲ್ಲಿ ಬೇರೆ ಯಾರದಾದರೂ ಅದೇ ಥರದ ತಾಳಿ ಇದ್ದರೆ ಅಂಗಳದಲ್ಲಿ ಎಲೆಯ ಮೇಲಿಟ್ಟು ಕಾಯಿಲ್ ಆಡಿಸಲಿ. ಯಾವ ನಂಬರ್ ಬರುತ್ತದೆ, ಸದ್ದು ಹೇಗಿದೆ, ಎಷ್ಟು ಎತ್ತರದವರೆಗೆ ಕೇಳುತ್ತದೆ ಅನ್ನುವುದನ್ನು ನೋಡಿಕೊಳ್ಳಲಿ. ತೋಟದಲ್ಲಿ ಅದೇ ನಂಬರಿನ ಆಸುಪಾಸು ಬಂದದ್ದನ್ನೆಲ್ಲಾ ನೋಡಬೇಕು. ಫಾಯಿಲ್ ಬೇಡ ಅಂತ ಮೆಷಿನ್‌ನಲ್ಲಿ ತೆಗೆದುಹಾಕಿದ್ದರೆ ಚಿನ್ನವೂ ಅದರ ಜೊತೆ ಹೋಗುತ್ತದೆ, ಆ ಸೆಟ್ಟಿಂಗ್ ಆಫ್ ಇರಲಿ. ಗುಟ್ಕಾ ಪೊಟ್ಟಣ, ಮಾತ್ರೆ ಸ್ಟ್ರಿಪ್, ಬಾಟಲಿ ಮುಚ್ಚಳ ಸಿಗುತ್ತಲೇ ಇರುತ್ತವೆ. ಬೇಜಾರು ಮಾಡಿಕೊಳ್ಳದೆ ಹೆಕ್ಕಿ ಚೀಲಕ್ಕೆ ಹಾಕಿ, ತೋಟವೂ ಸ್ವಚ್ಛವಾಗುತ್ತದೆ.

ಸಾಲಿನ ಉದ್ದಕ್ಕೂ ದಾರ ಕಟ್ಟಿ. ಎರಡು ದಾರದ ನಡುವಿನ ಪಟ್ಟಿಯನ್ನು ಮುಗಿಸಿದ ಮೇಲೆ ದಾರ ಪಕ್ಕಕ್ಕೆ ಸರಿಸಿ. ಕಾಯಿಲ್ ನೆಲಕ್ಕೆ ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ, ಮಟ್ಟಸವಾಗಿ, ನಿಧಾನವಾಗಿ ಆಡಬೇಕು. ಕೈ ಬೀಸುವಾಗ ಎರಡೂ ಕೊನೆಯಲ್ಲಿ ಕಾಯಿಲ್ ಮೇಲಕ್ಕೆ ಏಳುವುದು ಎಲ್ಲರಿಗೂ ಆಗುವಂಥದ್ದು, ಹಾಗೆ ಎದ್ದ ಕಡೆ ಮೆಷಿನ್ ಏನೂ ನೋಡಿರುವುದಿಲ್ಲ. ಒಂದು ಸಲ ಆಡಿಸಿದ ಜಾಗದ ಅರ್ಧ ಭಾಗದ ಮೇಲೆ ಮುಂದಿನ ಸಲವೂ ಕಾಯಿಲ್ ಹಾದುಹೋಗಬೇಕು. ಗಿಡದ ಬುಡಕ್ಕೆ ರೆಂಬೆ ಅಡ್ಡ ಬರುತ್ತವೆ, ಒಬ್ಬರು ಎತ್ತಿ ಹಿಡಿಯಲಿ, ಇನ್ನೊಬ್ಬರು ಕಾಯಿಲ್ ಒಳಗೆ ತೂರಿಸಲಿ. ಅಲ್ಯೂಮಿನಿಯಂ ಏಣಿ, ಸ್ಪ್ರಿಂಕ್ಲರ್ ಪೈಪು ಹತ್ತಿರ ಇದ್ದರೆ ಮೊದಲೇ ಎತ್ತಿಸಿ.

ಹಣ್ಣಿನ ಜೊತೆ ಚೀಲಕ್ಕೂ ಹೋಗಿರಬಹುದು. ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ) ಹಾಕುವ ಮುಂಚೆ ತೋಟದವರಿಗೆ ಹೇಳಿಬಿಡಿ. ಆಗಲೇ ಕಣದಲ್ಲಿ ಹರಡಿದ್ದರೆ ಅಲ್ಲೇ ಮೆಷಿನ್ ಆಡಿಸಿದರೆ ಪ್ರಯೋಜನವಿಲ್ಲ, ಸಿಮೆಂಟ್ ಕಣದ ಒಳಗಿನ ಕಂಬಿಯೇ ಕೂಗುತ್ತದೆ. ಮಣ್ಣಿನ ನೆಲದ ಮೇಲೆ ಟಾರ್ಪಾಲ್ ಹಾಸಿ, ಕಾಫಿಯನ್ನು ತೆಳುವಾಗಿ ಹರಡಿ ನೋಡಿ. ಸರ ಸಿಕ್ಕಿದರೆ ದಯವಿಟ್ಟು ಎರಡು ಸಾಲು ಬರೆಯಿರಿ, ನನಗೆ ಈ ಹವ್ಯಾಸದಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ.

ಪ್ರಶ್ನೆ: ಎರಡು ಆಂಟೆನಾ ಇರುವ ಒಂದು ಸಾಧನದ ವಿಡಿಯೊ ನೋಡಿದೆ. ಅರ್ಧ ಕಿಲೋಮೀಟರ್ ದೂರದ ಚಿನ್ನವನ್ನೂ ತೋರಿಸುತ್ತದಂತೆ. ನಾಲ್ಕು ಜನ ಸೇರಿ ದುಡ್ಡು ಹಾಕೋಣ ಅಂತಿದ್ದೇವೆ. — ಅರಸೀಕೆರೆ

ಉತ್ತರ: ಒಂದು ರೂಪಾಯಿಯೂ ಹಾಕಬೇಡಿ. ನಿಜವಾದ ಡಿಟೆಕ್ಟರ್‌ಗೆ ಒಂದು ನಾಣ್ಯ ಒಳ್ಳೆಯ ಮಣ್ಣಿನಲ್ಲಿ ಸಿಗುವ ಆಳ ಸುಮಾರು 15ರಿಂದ 20 ಸೆಂಟಿಮೀಟರ್, ಕೆಂಪು ಮಣ್ಣಿನಲ್ಲಿ ಇನ್ನೂ ಕಡಿಮೆ. ಇದಕ್ಕೆ ಕಾರಣ ಇದೆ. ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ ದೂರ ಹೋದಂತೆ ಬೇಗ ಬೇಗ ಸೊರಗುತ್ತದೆ, ನಾಣ್ಯದಿಂದ ವಾಪಸ್ ಬರುವಾಗಲೂ ಅಷ್ಟೇ ಸೊರಗುತ್ತದೆ. ಕಾಯಿಲ್‌ನ ಅಗಲಕ್ಕಿಂತ ಆಚೆ ಹೋದ ಮೇಲೆ ದೂರ ಎರಡರಷ್ಟಾದರೆ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅರ್ಧ ಕಿಲೋಮೀಟರ್ ಆಚೆಯ ಚಿನ್ನ ಅನ್ನುವ ಮಾತು ಇದಕ್ಕೆ ಎಲ್ಲಿಂದ ಎಲ್ಲಿಗೆ?

ಕೈಯಲ್ಲಿ ಹಿಡಿದ ಆಂಟೆನಾ ತಾನಾಗಿ ತಿರುಗಿದ ಹಾಗೆ ಕಾಣುವುದು ಮಣಿಕಟ್ಟಿನ ಸಣ್ಣ ವಾಲಿಕೆಯಿಂದ. ಇಂಥದ್ದರಿಂದ ಎಂಥ ಅನಾಹುತ ಆಗಿದೆ ಅಂತ ಹೇಳುತ್ತೇನೆ. ಎಡಿಇ 651 ಅನ್ನುವ ಆಂಟೆನಾ ಸಾಧನವನ್ನು ಬ್ರಿಟನ್ನಿನ ಜೇಮ್ಸ್ ಮೆಕ್‌ಕಾರ್ಮಿಕ್ ಬಾಂಬ್ ಪತ್ತೆ ಮಾಡುತ್ತದೆ ಅಂತ ಇರಾಕಿಗೆ ಮಾರಿದ. ಅದರೊಳಗೆ ಕೆಲಸ ಮಾಡುವ ಎಲೆಕ್ಟ್ರಾನಿಕ್ಸ್ ಏನೂ ಇರಲಿಲ್ಲ, ಚೆಕ್‌ಪೋಸ್ಟ್‌ಗಳಲ್ಲಿ ಸೈನಿಕರು ಅದನ್ನೇ ನಂಬಿ ನಿಂತಿದ್ದರು. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯಿತು. ನಿಮಗೆ ತೋರಿಸುವವರು ಇದ್ದರೆ ಒಂದು ಮಾತು ಕೇಳಿ: ಹತ್ತು ಮುಚ್ಚಿದ ಡಬ್ಬಿಯಲ್ಲಿ ಒಂದರಲ್ಲಿ ಉಂಗುರ ಇಡುತ್ತೇವೆ, ಎಲ್ಲಿದೆ ಅಂತ ನಿಮಗೂ ಗೊತ್ತಿರಬಾರದು, ಇಟ್ಟವರೂ ಅಲ್ಲಿ ಇರಬಾರದು, ಈಗ ತೋರಿಸಿ. ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮ ಹೊಲದ ಪಕ್ಕ ಪಾಳುಬಿದ್ದ ಗುಡಿ, ಎರಡು ವೀರಗಲ್ಲು ಇವೆ. ಸುಮ್ನೆ ಸುತ್ತಮುತ್ತ ಆಡಿಸಿ ನೋಡಿದರೆ ತಪ್ಪಾ? — ಬೇಲೂರು

ಉತ್ತರ: ತಪ್ಪು. ದಯವಿಟ್ಟು ಮಾಡಬೇಡಿ. ನಿಮ್ಮದು ಹೊಯ್ಸಳರ ನೆಲ. ಬೇಲೂರು, ಹಳೇಬೀಡು 2023ರಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆದರೆ ಪಟ್ಟಿಗೆ ಸೇರದ, ಬೋರ್ಡೂ ಇಲ್ಲದ ಸಣ್ಣ ಗುಡಿ, ಶಾಸನದ ಕಲ್ಲು, ವೀರಗಲ್ಲುಗಳು ಹಳ್ಳಿ ಹಳ್ಳಿಯಲ್ಲಿವೆ. ನಿಧಿ ಆಸೆಗೆ ಅವುಗಳ ಬುಡ ಅಗೆದು, ಪೀಠ ಕಿತ್ತು, ಕಲ್ಲು ಒಡೆದು ಹೋದವರಿಂದ ನಾವು ಬಹಳ ಕಳೆದುಕೊಂಡಿದ್ದೇವೆ. ಒಂದು ನಾಣ್ಯ ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಪಕ್ಕ ಇತ್ತು ಅನ್ನುವುದರಿಂದಲೇ ಇತಿಹಾಸ ತಿಳಿದವರು ಕಾಲ ಹೇಳುವುದು. ಕಿತ್ತು ಕೈಗೆ ತಗೊಂಡ ಮೇಲೆ ಆ ಮಾಹಿತಿ ಮತ್ತೆ ಹುಟ್ಟುವುದಿಲ್ಲ. ನನಗೆ ಈ ಹವ್ಯಾಸ ಎಷ್ಟು ಇಷ್ಟವೋ ಈ ಅಗೆತದ ಮೇಲೆ ಅಷ್ಟೇ ಸಿಟ್ಟು.

ಕಾನೂನು ಕೂಡ ಸ್ಪಷ್ಟ. ಸಂರಕ್ಷಿತ ಸ್ಮಾರಕಗಳಿಗೆ ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಇವೆ, ಅನುಮತಿ ಇಲ್ಲದೆ ಅಲ್ಲಿ ಅಗೆಯುವ ಹಾಗಿಲ್ಲ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತವೆ. ನೆಲದಲ್ಲಿ ಹುದುಗಿದ ನಿಧಿಗೆ ರಾಜ್ಯದ 1962ರ ನಿಧಿ ಕಾಯ್ದೆ ಇದೆ. ನಿಮ್ಮ ಸ್ವಂತ ಹೊಲದಲ್ಲೇ ಉಳುವಾಗ ಹಳೆಯದು ಏನಾದರೂ ಎದ್ದರೂ ಅಲ್ಲಿಗೆ ನಿಲ್ಲಿಸಿ. ತೊಳೆಯಬೇಡಿ, ಉಜ್ಜಬೇಡಿ, ಇದ್ದ ಹಾಗೇ ಫೋಟೊ ತೆಗೆದು ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ.

ಹಾಗಾದರೆ ಎಲ್ಲಿ ಆಡಿಸುವುದು ಅಂದರೆ, ನಿಮ್ಮ ಅಂಗಳ, ನಿಮ್ಮ ತೋಟ, ಒಪ್ಪಿಗೆ ಕೊಟ್ಟ ಸ್ನೇಹಿತರ ಜಮೀನು, ಪಂಚಾಯಿತಿಯವರನ್ನು ಕೇಳಿಕೊಂಡು ಆಟದ ಮೈದಾನ. ಕೆಲಸಕ್ಕೂ ಬರುತ್ತದೆ. ಮಣ್ಣಲ್ಲಿ ಮುಚ್ಚಿಹೋದ ಜಿಐ ಪೈಪು, ವಾಲ್ವ್ ಎಲ್ಲಿದೆ ಅಂತ ಹುಡುಕಬಹುದು. ಸಿಲ್ವರ್ ಓಕ್ ದಿಮ್ಮಿಯನ್ನು ಮಿಲ್ಲಿಗೆ ಕಳಿಸುವ ಮುಂಚೆ ಒಳಗೆ ಹಳೆಯ ಮೊಳೆ, ಬೇಲಿ ತಂತಿ ಸೇರಿಕೊಂಡಿದೆಯಾ ಅಂತ ಪಿನ್‌ಪಾಯಿಂಟರ್ ಆಡಿಸಿ ನೋಡಬಹುದು. ಗರಗಸದ ಬ್ಲೇಡ್ ಉಳಿಯುತ್ತದೆ, ಕೆಲಸಗಾರರ ಕಣ್ಣೂ ಉಳಿಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಮಾಡಬಹುದಾ? ಯಾವ ಹೊತ್ತು ಒಳ್ಳೆಯದು? — ಸಕಲೇಶಪುರ

ಉತ್ತರ: ಜಡಿಮಳೆಯಲ್ಲಿ ಬೇಡ. ಮಳೆ ನಿಂತು ನೆಲ ಇನ್ನೂ ಹಸಿ ಇರುವಾಗ ಒಳ್ಳೆಯದು, ಅಗೆಯೋದಂತೂ ಸುಲಭ. ಮುಂಜಾನೆ, ಸಂಜೆ ಮಾತ್ರ ಬೇಡವೇ ಬೇಡ. ನಿಮ್ಮ ಕಡೆ, ಆಲೂರು, ಬೇಲೂರು ಕಡೆ ಆನೆ ಓಡಾಟ ಇದೆ, ಹೆಡ್‌ಫೋನ್ ಹಾಕಿಕೊಂಡವರಿಗೆ ಹಿಂದೆ ಏನು ಬಂತು ಅಂತ ಕೇಳುವುದಿಲ್ಲ. ಬಿಸಿಲೇರಿದ ಮೇಲೆ ಹೋಗಿ, ಒಂದು ಕಿವಿ ಖಾಲಿ ಇರಲಿ. ಅರಣ್ಯದ ಗಡಿ ದಾಟಬೇಡಿ. ಕಾಡುಹಂದಿಗೆ ಇಟ್ಟ ಸಿಡಿಮದ್ದಿನ ಉಂಡೆ ಥರದ್ದು ಏನಾದರೂ ಕಂಡರೆ ಮುಟ್ಟದೆ ಹಿಂದೆ ಸರಿದು ಪೊಲೀಸರಿಗೆ ಹೇಳಿ.

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ. ಅವಳಿಗೆ ಇದನ್ನು ಕಲಿಸಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? — ಕಡೂರು

ಉತ್ತರ: ಹಿತ್ತಿಲಿನಿಂದ. ಮೊದಲು ಒಂದು ಸಣ್ಣ ಜಾಗವನ್ನು ಮೆಷಿನ್‌ನಿಂದ ನೋಡಿ ಹಳೆಯ ಮೊಳೆ, ತಂತಿ ಎಲ್ಲಾ ತೆಗೆಯಿರಿ. ಆಮೇಲೆ ಬೇರೆ ಬೇರೆ ನಾಣ್ಯಗಳನ್ನು ಐದು, ಹತ್ತು, ಹದಿನೈದು ಸೆಂಟಿಮೀಟರ್ ಆಳಕ್ಕೆ ಹೂತು, ಒಂದೊಂದರ ಪಕ್ಕ ಕಡ್ಡಿ ನೆಟ್ಟು, ಪುಸ್ತಕದಲ್ಲಿ ನಕ್ಷೆ ಬರೆಸಿ. ಹಳೆಯ ಹತ್ತು ಪೈಸೆ, ಇಪ್ಪತ್ತು ಪೈಸೆ ಅಲ್ಯೂಮಿನಿಯಂ ನಾಣ್ಯ ಇದ್ದರೆ ಅದೂ ಇರಲಿ. ಈಗಿನ ಒಂದು ರೂಪಾಯಿ ನಾಣ್ಯದಲ್ಲಿ ಒಂದು ವಿಶೇಷ ಇದೆ. ಅದು ಅಯಸ್ಕಾಂತಕ್ಕೆ ಅಂಟುವ ಸ್ಟೀಲು, ಬಹುಪಾಲು ಕಬ್ಬಿಣವೇ. ಕಬ್ಬಿಣ ಬೇಡ ಅನ್ನುವ ಸೆಟ್ಟಿಂಗ್ ಹಾಕಿದ್ದರೆ ಕೆಲವು ಮೆಷಿನ್ ಅದನ್ನು ಬಿಟ್ಟುಬಿಡಬಹುದು, ಇಲ್ಲವೇ ನಂಬರ್ ಹಾರಾಡಬಹುದು. ಹತ್ತು ರೂಪಾಯಿ ನಾಣ್ಯದಲ್ಲಿ ಎರಡು ಲೋಹ ಇದೆ, ಅದರ ಸದ್ದು ಬೇರೆ. ಮಗಳು ಇವನ್ನೆಲ್ಲಾ ಪರದೆ ನೋಡದೆ ಕಿವಿಯಲ್ಲೇ ಗುರುತು ಹಿಡಿಯುವವರೆಗೆ ಹೊರಗೆ ಹೋಗುವ ಅವಸರ ಬೇಡ.

ಅಗೆಯುವುದನ್ನೂ ಅಲ್ಲೇ ಕಲಿಸಿ. ಹುಲ್ಲಿದ್ದರೆ ಮೂರು ಕಡೆ ಮಾತ್ರ ಕತ್ತರಿಸಿ, ನಾಲ್ಕನೇ ಕಡೆ ಬೇರು ಸಮೇತ ಹಾಗೇ ಬಿಟ್ಟು, ಮುಚ್ಚಳದ ಥರ ಎತ್ತಬೇಕು. ತೆಗೆದ ಮಣ್ಣನ್ನು ಹಳೆಯ ಟವೆಲ್ ಮೇಲೆ ಹಾಕಿ, ಕೊನೆಗೆ ಟವೆಲ್ ಎತ್ತಿ ಗುಂಡಿಗೇ ಸುರಿದು, ಹುಲ್ಲು ಮುಚ್ಚಿ ತುಳಿಯಬೇಕು. ದನ ಮೇಯುವ ಜಾಗದಲ್ಲಿ ಗುಂಡಿ ಬಿಟ್ಟರೆ ದನದ ಕಾಲು ಮುರಿಯುತ್ತದೆ. ಕೈಗೆ ದಪ್ಪ ಗ್ಲೌಸ್ ಹಾಕಿಸಿ, ತುಕ್ಕು ಹಿಡಿದ ತಗಡು, ಗಾಜಿನ ಚೂರು ನಾಣ್ಯಕ್ಕಿಂತ ಮೊದಲು ಸಿಗುತ್ತವೆ. ಟಿಟಿ ಇಂಜೆಕ್ಷನ್ ಆಗಿ ಎಷ್ಟು ವರ್ಷವಾಯಿತು ಅಂತ ಒಮ್ಮೆ ಡಾಕ್ಟರ್ ಹತ್ತಿರ ಕೇಳಿ.